ಕೆಂಪು ನೆಲದಿಂದ ಕಪ್ಪು ನೆಲಕ್ಕೆ: ಬೀದರ್–ಹುಮನಾಬಾದ್ ಸೈಕಲ್ ದಾರಿ

ಬೀದರ್‌ನಿಂದ ಹುಮನಾಬಾದ್‌ಗೆ ಸುಮಾರು 50 ಕಿ.ಮೀ. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯಲ್ಲಿ ಮುಗಿಯುವ ದಾರಿ. ಮಧ್ಯೆ ನೋಡೋಕೆ ಏನೂ ಇಲ್ಲ ಅಂತ ಬಹಳ ಜನ ಹೇಳಿದ್ದರು. ಬಸವಕಲ್ಯಾಣ ಮುಟ್ಟಿ, ಅಲ್ಲಿಂದ ಹಳ್ಳಿಗಳ ಮೇಲೆ ಕಲಬುರಗಿಗೆ ಹೋಗುವ ನಮ್ಮ ಸೈಕಲ್ ಪ್ರವಾಸ ಶುರುವಾಗಿದ್ದು ಇದೇ ದಾರಿಯಲ್ಲಿ. ಮೊದಲ ದಿನ ಮುಗಿಸಿ ಬರೆಯುತ್ತಿದ್ದೇನೆ: ಇಲ್ಲಿ ನೋಡೋಕೆ ಬೇಕಾದಷ್ಟಿದೆ. ನಿಧಾನ ಹೋಗಬೇಕು, ಅಷ್ಟೇ.

ಡಿಸೆಂಬರ್ ಚಳಿ. ಬೀದರ್ ಎತ್ತರದ ಊರು, ಬೆಳಗಿನ ಗಾಳಿಗೆ ಹ್ಯಾಂಡಲ್ ಹಿಡಿದ ಬೆರಳು ಸೆಟೆದುಕೊಳ್ಳುತ್ತವೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಹತ್ತಿರ ಚಹಾ ಕುಡಿದೆವು. ಉಳಿದಿರುವ ಒಂದೇ ಮಿನಾರಿನ ಬಣ್ಣದ ಹೆಂಚುಗಳ ಮೇಲೆ ಆಗ ತಾನೇ ಬಿಸಿಲು ಬೀಳುತ್ತಿತ್ತು. ಕ್ಯಾರಿಯರ್‌ನ ಎರಡೂ ಕಡೆ ಚೀಲದ ಭಾರ ಸಮ ಇದೆಯಾ ಅಂತ ಇನ್ನೊಮ್ಮೆ ನೋಡಿಕೊಂಡು ಗೆಳೆಯ ಮುಂದೆ ಹೊರಟ, ನಾನು ಹಿಂದೆ.

ನೌಬಾದ್‌ನಲ್ಲಿ ಮೊದಲ ನಿಲುಗಡೆ. ಬಹಮನಿ ಕಾಲದ ಕರೇಜ್ ಇರುವುದು ಇಲ್ಲೇ. ಜನ ಸುರಂಗ ಬಾವಿ ಅಂತಾರೆ. ನೆಲದ ಕೆಳಗೆ ಎರಡು ಕಿ.ಮೀ.ಗೂ ಜಾಸ್ತಿ ಉದ್ದ ಕೊರೆದ ಕಾಲುವೆ ಅದು. ಅಲ್ಲಲ್ಲಿ ಗಾಳಿ, ಬೆಳಕಿಗೆ ಬಾವಿಯಂಥ ಕಂಡಿಗಳು. ಪಂಪು ಬೇಡ, ಎತ್ತು ಬೇಡ. ನೆಲದ ಇಳಿಜಾರಿನಲ್ಲೇ ನೀರು ತಾನಾಗಿ ಹರಿಯುತ್ತದೆ. ಈ ವಿದ್ಯೆ ಪರ್ಷಿಯಾದಿಂದ ಬಂತು, ನಿಜ. ಆದರೆ ಅದಕ್ಕೆ ಒಗ್ಗಿದ್ದು ಬೀದರ್‌ನ ಜಂಬಿಟ್ಟಿಗೆ ನೆಲ. ಈ ಕೆಂಪು ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಮಳೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೀದರ್ ಕೋಟೆಯ ಮೂರು ಸಾಲಿನ ಕಂದಕ ಕಡಿದದ್ದೂ ಇದೇ ಕಲ್ಲಿನಲ್ಲಿ. ಇಂಥದ್ದನ್ನು ಹಾಳಾಗಲು ಬಿಡಬಾರದು. ಬರ ಕಂಡ ಜಿಲ್ಲೆಗೆ ಇದಕ್ಕಿಂತ ದೊಡ್ಡ ಆಸ್ತಿ ಯಾವುದು?

ಮುಂದೆ ರಸ್ತೆ ಕಾರಂಜಾ ನದಿಯ ಕಡೆ ಇಳಿಯುತ್ತದೆ. ಬಸ್ಸಿನಲ್ಲಿ ಈ ಇಳಿಜಾರು ಗೊತ್ತೇ ಆಗಲ್ಲ, ಸೈಕಲ್ ಮೇಲೆ ಕಾಲಿಗೆ ಗೊತ್ತಾಗುತ್ತದೆ. ಪೆಡಲ್ ಹಗುರವಾಗುತ್ತದೆ, ರಸ್ತೆ ಬದಿಯ ಕೆಂಪು ಮಣ್ಣು ಕಂದಾಗುತ್ತದೆ, ನೋಡನೋಡುತ್ತ ಕಪ್ಪಾಗುತ್ತದೆ. ಮಣ್ಣು ಬದಲಾದ ಕೂಡಲೇ ಬೆಳೆ ಬದಲು. ಕಾಯಿ ಬಲಿತ ತೊಗರಿ, ಮೊಣಕಾಲೆತ್ತರದ ಜೋಳ, ನೆಲಕ್ಕೆ ಹತ್ತಿದ ಕಡಲೆ, ನೀರಿದ್ದಲ್ಲಿ ಕಬ್ಬು. ಸೇತುವೆ ದಾಟಿದ ಮೇಲೆ ಮತ್ತೆ ಏರು. ಗಾಳಿ ಬೆನ್ನ ಹಿಂದಿತ್ತು, ಹಾಗಾಗಿ ಅಷ್ಟು ಕಷ್ಟ ಅನ್ನಿಸಲಿಲ್ಲ.

ಇದು ಕಬ್ಬು ಕಡಿಯುವ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಅಲುಗಾಡುತ್ತ ಬರುತ್ತವೆ. ಹಿಂದೆ ಅದರ ಸದ್ದು ಕೇಳಿದ ತಕ್ಷಣ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿರಿ. ಆದರೆ ಮಣ್ಣಲ್ಲಿ ಜಾಲಿ ಮುಳ್ಳು. ಹಳ್ಳಿಖೇಡ (ಬಿ) ಹತ್ತಿರ ಗೆಳೆಯನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಟ್ಯೂಬು ಬದಲಿಸಿ, ಹೋಟೆಲ್‌ನಲ್ಲಿ ಸುಸಲಾ (ಒಗ್ಗರಣೆ ಹಾಕಿದ ಮಂಡಕ್ಕಿ), ಮಿರ್ಚಿ ಭಜಿ ತಿಂದು ಮುಂದಕ್ಕೆ ಹೊರಟೆವು.

ಹುಮನಾಬಾದ್ ಇನ್ನು ಸುಮಾರು 10 ಕಿ.ಮೀ. ಇರುವಾಗ ಹೆದ್ದಾರಿ ಬಿಟ್ಟು ಜಲಸಂಗಿಗೆ ಹೋದೆವು. ಈ ದಿನದ ಆಸೆಯೇ ಅದಾಗಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಈಶ್ವರ ಗುಡಿ. ಹೊರಗೋಡೆಯ ತುಂಬ ನಿಂತ ಹೆಣ್ಣುಗಳು. ಅವರಲ್ಲಿ ಒಬ್ಬಳು ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯ. ರಾಜನ ಹೊಗಳಿಕೆ ಎಷ್ಟೋ ಶಾಸನಗಳಲ್ಲಿ ಇರುತ್ತದೆ. ಅದನ್ನು ಒಬ್ಬ ಹೆಣ್ಣಿನ ಕೈಯಲ್ಲಿ ಬರೆಸಬೇಕು ಅಂತ ಆ ಶಿಲ್ಪಿಗೆ ಹೊಳೆಯಿತಲ್ಲ! ಬಹಳ ಹೊತ್ತು ಅವಳ ಮುಂದೆಯೇ ನಿಂತೆ. ರಾಜನಿಗಿಂತ ನನಗೆ ಅವಳೇ ದೊಡ್ಡವಳಾಗಿ ಕಂಡಳು. ಬೇಲೂರಿನ ಮದನಿಕೆಯರನ್ನು ಮೆಚ್ಚಿದವರು ಒಮ್ಮೆ ಇಲ್ಲಿಗೂ ಬರಬೇಕು.

ಊರ ಹೊರಗೆ ಒಬ್ಬ ರೈತರು ಬಾಟಲಿಗೆ ನೀರು ತುಂಬಿಕೊಟ್ಟರು. “ಎಲ್ಲಿಂದ ಬಂದೀರಿ ತಮ್ಮಾ?” ಅಂದರು.

“ಬೀದರದಿಂದ್ರಿ ಕಾಕಾ. ನಾಳಿ ಕಲ್ಯಾಣಕ್ಕ ಹೋಗ್ತೀವ್ರಿ.”

“ನಾಳಿ ಎಳ್ಳ ಅಮಾಸಿ ಅದ. ಹಬ್ಬದ ದಿನ ಉಪಾಸ ಹೋಗ್ತೀರೇನು? ನಮ್ಮ ಹೊಲಕ್ಕ ಬರ್ರಿ, ಭಜ್ಜಿ ಉಂಡು ಹೋಗ್ರಿ.”

ಎಳ್ಳ ಅಮವಾಸ್ಯೆಯ ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹೊಲದ ಸೊಪ್ಪು, ತರಕಾರಿ, ಹಸಿ ಕಾಳುಗಳೆಲ್ಲ ಒಟ್ಟಿಗೆ ಬೆಂದ ಪಲ್ಯ. ಜೊತೆಗೆ ಸಜ್ಜೆ ರೊಟ್ಟಿ, ಕಡುಬು. ಮನೆ ಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿ ತಾಯಿಗೆ ಚರಗ ಚೆಲ್ಲಿ (ಮಾಡಿದ ಅಡುಗೆಯನ್ನು ಎಡೆಯಾಗಿ ಹೊಲದಲ್ಲಿ ಎರಚಿ), ಅಲ್ಲೇ ಕೂತು ಊಟ ಮಾಡುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುತ್ತಾರೆ.

ಸಂಜೆ ಹುಮನಾಬಾದ್ ಸೇರಿ ಮಾಣಿಕನಗರಕ್ಕೆ ಹೋದೆವು. 1817ರಲ್ಲಿ ಹುಟ್ಟಿದ ಮಾಣಿಕ ಪ್ರಭುಗಳ ಸಂಸ್ಥಾನ ಇದು. ಎಲ್ಲ ಮತಗಳನ್ನೂ ಸಮವಾಗಿ ಕಂಡ ಸಕಲಮತ ಸಂಪ್ರದಾಯ ಅವರದು. ಊಟ ಆದ ಮೇಲೆ ಗೆಳೆಯ ನಕ್ಷೆ ಬಿಚ್ಚಿದ. ಬಸವಕಲ್ಯಾಣ ಪಶ್ಚಿಮಕ್ಕೆ, ಜಲಸಂಗಿ ಬಂದ ದಾರಿಯಲ್ಲೇ ಹಿಂದಕ್ಕೆ. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ಕಲ್ಯಾಣ ಒಂದು ದಿನ ಮುಂದಕ್ಕೆ ಹೋಯಿತು. ಬೆಳಿಗ್ಗೆ ಮೊದಲು ಕಾಕಾನ ಹೊಲಕ್ಕೆ.