ಮಾನಿಟರ್ ಎಸೆಯುವ ಮುಂಚೆ ಕೆಪಾಸಿಟರ್‌ಗಳನ್ನು ನೋಡಿ

ಸ್ವಿಚ್ ಹಾಕಿದರೆ ಪವರ್ ದೀಪ ಮಿನುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ. ಐದಾರು ಸಲ ಆನ್-ಆಫ್ ಮಾಡಿದ ಮೇಲೆ ಹೇಗೋ ಶುರುವಾಗುತ್ತದೆ. ಬಿಸಿಯೇರಿದ ಮೇಲೆ ದಿನವಿಡೀ ತೊಂದರೆಯಿಲ್ಲ. ಹಳೆಯ ಎಲ್‌ಸಿಡಿ ಮಾನಿಟರೋ ಸೆಟ್ ಟಾಪ್ ಬಾಕ್ಸೋ ಹೀಗೆ ಆಡುತ್ತಿದ್ದರೆ, ಹೊಸದನ್ನು ಹುಡುಕುವ ಮೊದಲು ಪವರ್ ಸಪ್ಲೈ ಬೋರ್ಡನ್ನು ಪರೀಕ್ಷಿಸಿ. ಬಹಳ ಸಲ ಕೆಟ್ಟಿರುವುದು ಎರಡು ಮೂರು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಡಬ್ಬಿಯಂಥ ಬಿಡಿಭಾಗ, ಅಷ್ಟೇ.

ಈ ಕೆಪಾಸಿಟರ್‌ಗಳ ಒಳಗೆ ದ್ರವವಿದೆ. ಶಾಖಕ್ಕೆ ಅದು ಆರುತ್ತಾ ಬಂದಂತೆ ಒಳಗಿನ ರೋಧ, ಅಂದರೆ ಇಎಸ್‌ಆರ್, ಏರುತ್ತದೆ. ಬಿಸಿಯಾದಾಗ ಈ ರೋಧ ತುಸು ಇಳಿಯುವುದರಿಂದಲೇ ಮಾನಿಟರ್ ತಡವಾಗಿಯಾದರೂ ಎಚ್ಚರಗೊಳ್ಳುವುದು. ಉಷ್ಣತೆ 10 ಡಿಗ್ರಿ ಏರಿದರೆ ಇವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಿದ್ದೂ ಎಷ್ಟೋ ಬೋರ್ಡ್‌ಗಳಲ್ಲಿ ಇವುಗಳನ್ನು ಶಾಖ ಹೊರಹಾಕುವ ಲೋಹದ ತುಂಡಿಗೆ, ಅಂದರೆ ಹೀಟ್‌ಸಿಂಕ್‌ಗೆ, ಒತ್ತಿಯೇ ಕೂರಿಸಿರುತ್ತಾರೆ. ತಲೆ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ, ಉಬ್ಬದೆಯೂ ಕೆಡಬಹುದು. ಸಾಮಾನ್ಯ ಮಲ್ಟಿಮೀಟರ್ ಕೆಪಾಸಿಟನ್ಸ್ ಸರಿಯಾಗಿದೆ ಎಂದಾಕ್ಷಣ ನಂಬಬೇಡಿ, ಅದು ಇಎಸ್‌ಆರ್ ಅಳೆಯುವುದಿಲ್ಲ. 1000 ಮೈಕ್ರೋಫ್ಯಾರಡ್‌ನ ಒಳ್ಳೆಯ ಕೆಪಾಸಿಟರ್‌ನಲ್ಲಿ ಇಎಸ್‌ಆರ್ 0.1 ಓಮ್‌ನ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರಬೇಕು. ಇಎಸ್‌ಆರ್ ಮೀಟರ್ ಒಂದೆರಡು ಓಮ್ ತೋರಿಸಿದರೆ ತೆಗೆದುಹಾಕಿ.

ಬೋರ್ಡಿಗೆ ಕೈಹಾಕುವ ಮುನ್ನ ಒಂದು ಕೆಲಸ ಬಾಕಿ ಇದೆ. 400 ಅಥವಾ 450 ವೋಲ್ಟ್ ಎಂದು ಬರೆದ ದಪ್ಪ ಕೆಪಾಸಿಟರ್, 230 ವೋಲ್ಟ್ ಪೂರೈಕೆಯಲ್ಲಿ ಸುಮಾರು 325 ವೋಲ್ಟ್ ಡಿಸಿ ಹಿಡಿದಿಟ್ಟಿರುತ್ತದೆ, ಪ್ಲಗ್ ಕಿತ್ತ ಮೇಲೂ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ. 2.2 ಕಿಲೋಓಮ್, 10 ವಾಟ್ ರೆಸಿಸ್ಟರ್ ಅನ್ನು ಇನ್ಸುಲೇಶನ್ ಇರುವ ವೈರ್‌ಗಳಿಗೆ ಬೆಸೆದು, ಎರಡೂ ಕಾಲುಗಳಿಗೆ ಐದು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದಿದೆಯೇ ನೋಡಿ.

ಹೊಸ ಕೆಪಾಸಿಟರ್‌ನ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಒಂದು ಹಂತ ಮೇಲಿರಲಿ. 10 ವೋಲ್ಟಿನ ಜಾಗಕ್ಕೆ 16 ಆಗುತ್ತದೆ. 105 ಡಿಗ್ರಿಯ, ಲೋ ಇಎಸ್‌ಆರ್ ಮಾದರಿಯನ್ನೇ ಕೇಳಿ. 85 ಡಿಗ್ರಿಯದನ್ನು ಹಾಕಿದರೆ ಅದೇ ಕೆಲಸ ಬೇಗನೆ ಮತ್ತೆ ಮಾಡಬೇಕಾಗುತ್ತದೆ. ವ್ಯಾಸ, ಎತ್ತರ ಎರಡನ್ನೂ ಅಳೆದುಕೊಳ್ಳಿ. ಒಂದು ಉಬ್ಬಿದ್ದರೆ ಅದೇ ಸಾಲಿನ ಉಳಿದವನ್ನೂ ಬದಲಿಸುವುದು ಲೇಸು.

ಕಳಚುವ ಮೊದಲು ಫೋಟೊ ತೆಗೆಯಿರಿ. ಕೆಪಾಸಿಟರ್ ಮೈಮೇಲಿನ ಪಟ್ಟಿ ನೆಗೆಟಿವ್ ಕಾಲನ್ನು ತೋರಿಸುತ್ತದೆ, ಆದರೆ ಬೋರ್ಡಿನ ಗುರುತು ಎಲ್ಲ ತಯಾರಕರಲ್ಲೂ ಒಂದೇ ತೆರನಲ್ಲ. ಉಲ್ಟಾ ಹಾಕಿದರೆ ಸಿಡಿಯುತ್ತದೆ. ಸೀಸವಿಲ್ಲದ ಹಳೆಯ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, 63/37 (63 ಪಾಲು ತವರ, 37 ಪಾಲು ಸೀಸ) ಬೆಸುಗೆಗೆ 183 ಸಾಕು. ಹಾಗಾಗಿ ಬೆಸುಗೆ ಐರನ್ 350ಕ್ಕೆ ಇಟ್ಟು, ಮೊದಲು ಹಳೆಯದರ ಮೇಲೆ ಸ್ವಲ್ಪ ಹೊಸ ಸೀಸದ ಬೆಸುಗೆ ಬೆರೆಸಿ, ಆಮೇಲೆ ಒಂದೊಂದೇ ಕಾಲನ್ನು ಅಲುಗಾಡಿಸುತ್ತ ಬಿಡಿಸಿ. ಬಲವಂತವಾಗಿ ಎಳೆದರೆ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ. ಹೊಸಬರು ಬೋರ್ಡ್ ಹಾಳುಮಾಡುವುದು ಹೆಚ್ಚಾಗಿ ಇಲ್ಲೇ.

ಮೊದಲ ಸಲ ನೇರವಾಗಿ ಪ್ಲಗ್ ಮಾಡದೆ, ಸರಣಿಯಲ್ಲಿ 60 ವಾಟ್‌ನ ತಂತಿ (ಫಿಲಮೆಂಟ್) ಬಲ್ಬ್ ಸೇರಿಸಿ. ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಎಸಿಯನ್ನು ಡಿಸಿಯಾಗಿಸುವ ಬ್ರಿಡ್ಜ್ ರೆಕ್ಟಿಫೈಯರ್ ಮತ್ತು ಸ್ವಿಚ್‌ನಂತೆ ಕೆಲಸ ಮಾಡುವ ಮಾಸ್‌ಫೆಟ್ ಪರೀಕ್ಷಿಸಿ. ಫ್ಯೂಸ್ ಹೋಗಿರುವ ಬೋರ್ಡಿನಲ್ಲೂ ಮೊದಲ ಅನುಮಾನ ಇವೆರಡರ ಮೇಲೇ ಇರಲಿ.

ಹೊಸದನ್ನೇ ಕೊಳ್ಳಬೇಕಾದ ಸಂದರ್ಭಗಳೂ ಇವೆ. ಪ್ಯಾನೆಲ್ ಬಿರುಕುಬಿಟ್ಟಿದ್ದರೆ ಶ್ರಮ ವ್ಯರ್ಥ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚುವುದು, ಒತ್ತುವುದು ಬೇಡವೇ ಬೇಡ. ಮೈಕ್ರೋವೇವ್ ಓವನ್ ಒಳಗೆ ಸಾವಿರಾರು ವೋಲ್ಟ್ ಇರುತ್ತದೆ, ಮನೆಯಲ್ಲಿ ಬಿಚ್ಚಬೇಡಿ. ಇನ್ನು ಪ್ಯಾನೆಲ್ ಒಡೆದ ಮಾನಿಟರ್ ವಿಲೇವಾರಿಗೆ ಹೋಗುವ ಮುಂಚೆ ಅದರ ಪವರ್ ಬೋರ್ಡ್ ಕಳಚಿ, ಮಾಡೆಲ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದೇ ಮಾಡೆಲ್ ಇರುವ ಇನ್ನೊಬ್ಬರಿಗೆ ಬೇಕಾಗುತ್ತದೆ.