‘ಪಿ’ಗೆ ಮೊದಲು ಹ್ಯಾಂಡ್‌ಬ್ರೇಕ್

ಆಟೋಮ್ಯಾಟಿಕ್ ಕಾರನ್ನು ಇಳಿಜಾರಿನಲ್ಲಿ ಬರೀ ‘ಪಿ’ಗೆ (ಪಾರ್ಕ್) ಹಾಕಿ ಹೋದವರಿಗೆ ಆಮೇಲೆ ಗೇರ್ ಲಿವರ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಜಗ್ಗಿ ಎಳೆದರೆ ‘ಠಕ್’ ಎಂದು ಇಡೀ ಕಾರು ಅದುರುತ್ತದೆ.

ಕಾರಣ ಗೇರ್‌ಬಾಕ್ಸ್ ಒಳಗಿದೆ. ‘ಪಿ’ಗೆ ಹಾಕಿದಾಗ ಪಾರ್ಕಿಂಗ್ ಪಾಲ್ ಎಂಬ ಪುಟ್ಟ ಉಕ್ಕಿನ ಕೊಂಡಿ ಹಲ್ಲುಚಕ್ರವೊಂದರ ಎರಡು ಹಲ್ಲುಗಳ ನಡುವೆ ಚಿಲಕದ ಹಾಗೆ ಕೂರುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ ಬ್ರೇಕ್ ಪೆಡಲ್ ಬಿಟ್ಟರೆ ಕಾರು ತುಸು ಜಾರಿ, ತನ್ನ ಭಾರವನ್ನೆಲ್ಲ ಆ ಕೊಂಡಿಯ ಮೇಲೆ ಹೇರುತ್ತದೆ. ಅದಕ್ಕೇ ಆ ಬಿಗಿ, ಆ ಸದ್ದು.

ಸರಿಯಾದ ಕ್ರಮ ಇಷ್ಟು: ಕಾರು ಪೂರ್ತಿ ನಿಲ್ಲಲಿ. ಪೆಡಲ್ ಒತ್ತಿಯೇ ‘ಎನ್’ಗೆ (ನ್ಯೂಟ್ರಲ್) ತಂದು ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆಯಿರಿ. ಪೆಡಲನ್ನು ಮೆಲ್ಲಗೆ ಸಡಿಲಿಸಿ, ಕಾರು ಹ್ಯಾಂಡ್‌ಬ್ರೇಕಿನ ಮೇಲೆ ನಿಂತಿದೆಯೇ ನೋಡಿ. ಮತ್ತೆ ಪೆಡಲ್ ಒತ್ತಿ ‘ಪಿ’ ಹಾಕಿ, ಎಂಜಿನ್ ಆರಿಸಿ. ಹೊರಡುವಾಗ ಪೆಡಲ್ ಒತ್ತಿ ಸ್ಟಾರ್ಟ್ ಮಾಡಿ, ‘ಪಿ’ಯಿಂದ ‘ಡಿ’ಗೆ (ಡ್ರೈವ್) ತಂದು, ಹ್ಯಾಂಡ್‌ಬ್ರೇಕ್ ಇಳಿಸುವುದು ಕೊನೆಗೆ. ಬಹಳ ಮಂದಿ ಎಡವುವುದು ಇಲ್ಲೇ. ಹ್ಯಾಂಡ್‌ಬ್ರೇಕನ್ನೇ ಮೊದಲು ಇಳಿಸಿಬಿಡುತ್ತಾರೆ.

ಕಾರು ಇನ್ನೂ ಉರುಳುತ್ತಿರುವಾಗ ‘ಪಿ’ಗೆ ತಳ್ಳಿದರೆ ಕೊಂಡಿ ಹಲ್ಲಿನಿಂದ ಹಲ್ಲಿಗೆ ಕಟಕಟ ಎಂದು ಹಾರುತ್ತದೆ, ಅಥವಾ ಫಕ್ಕನೆ ಸಿಕ್ಕಿಕೊಳ್ಳುತ್ತದೆ. ಎರಡರಲ್ಲೂ ಸವೆಯುವುದು ಅದೇ. ಸಿಗ್ನಲ್‌ನಲ್ಲಿ ‘ಪಿ’ ಬೇಡ, ‘ಡಿ’ಯಲ್ಲಿ ಪೆಡಲ್ ಒತ್ತಿದರೆ ಸಾಕು; ‘ಪಿ’ಯಲ್ಲಿದ್ದಾಗ ಹಿಂದಿನ ವಾಹನ ಗುದ್ದಿದರೆ ಏಟು ಕೊಂಡಿಗೂ ಬೀಳುತ್ತದೆ. ನಿಂತ ಕಾರಿನ ಬ್ರೇಕನ್ನು ತಾನೇ ಹಿಡಿದಿಡುವ ‘ಆಟೋ ಹೋಲ್ಡ್’ ಹಸಿರು ದೀಪ ತೋರಿಸಿತೆಂದು ಕಾರಿಳಿಯಬೇಡಿ, ಅದು ಪಾರ್ಕಿಂಗ್‌ಗೆ ಬದಲಿಯಲ್ಲ.

ನಮ್ಮ ಕಡೆ ಗೊಂದಲ ಹುಟ್ಟಿಸುವುದು ಎಎಂಟಿ, ಅಂದರೆ ಮ್ಯಾನುಯಲ್ ಗೇರ್‌ಬಾಕ್ಸ್‌ನ ಗೇರನ್ನೇ ಯಂತ್ರ ಬದಲಿಸುವ ಬಗೆ. 2014ರ ಮಾರುತಿ ಸೆಲೆರಿಯೊ ಕಾರಿನಿಂದೀಚೆಗೆ ಕಡಿಮೆ ಬೆಲೆಯ ಕಾರುಗಳಲ್ಲೂ ಬಂದ ಈ ಬಗೆಯ ಗೇರ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ‘ಪಿ’ಯೇ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಏರಿಗೆ ಮುಖಮಾಡಿದ್ದರೆ ‘ಡಿ’, ಇಳಿಜಾರಿಗೆ ಮುಖಮಾಡಿದ್ದರೆ ‘ಆರ್’ನಲ್ಲಿಟ್ಟು (ರಿವರ್ಸ್), ಪೆಡಲ್ ಒತ್ತಿಯೇ ಎಂಜಿನ್ ಆರಿಸಬೇಕು. ‘ಎನ್’ನಲ್ಲಿ ಬಿಟ್ಟರೆ ಹ್ಯಾಂಡ್‌ಬ್ರೇಕ್ ಒಂದೇ ಗತಿ.

ಮಡಿಕೇರಿಯಂಥ ಊರಿನಲ್ಲಿ ಚಕ್ರವನ್ನೂ ತಿರುಗಿಸಿಡಿ. ರಸ್ತೆಯ ಎಡಕ್ಕೆ ನಿಲ್ಲಿಸಿ ಇಳಿಜಾರಿಗೆ ಮುಖಮಾಡಿದ್ದರೆ ಮುಂದಿನ ಚಕ್ರ ಎಡಕ್ಕೆ, ಅಂಚುಗಲ್ಲಿನ ಕಡೆ. ಏರಿಗೆ ಮುಖಮಾಡಿದ್ದು ಅಂಚುಗಲ್ಲಿದ್ದರೆ ಬಲಕ್ಕೆ. ಪಕ್ಕದಲ್ಲಿ ಪ್ರಪಾತವಿದ್ದರೆ ಅಲ್ಲಿ ನಿಲ್ಲಿಸಲೇಬೇಡಿ, ಗುಡ್ಡದ ಬದಿ ಹುಡುಕಿ.

ಪಂಕ್ಚರ್ ಆದಾಗ ಜ್ಯಾಕ್ ಕೊಡುವಾಗಲೂ ‘ಪಿ’ಯನ್ನು ನಂಬಬಾರದು. ಮುಂಚಕ್ರ ಎಳೆಯುವ ಕಾರಿನಲ್ಲಿ ಒಂದು ಮುಂಚಕ್ರ ಮೇಲೆದ್ದರೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಮೂಲಕ ಅದು ಉಲ್ಟಾ ದಿಕ್ಕಿಗೆ ತಿರುಗುತ್ತದೆ, ನೆಲದಲ್ಲಿರುವ ಇನ್ನೊಂದು ಉರುಳಲು ಬಿಡುವಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಬ್ರೇಕಿನ ಶೂ ಅದರ ಡ್ರಮ್ಮಿಗೆ ಅಂಟುತ್ತದೆಂದು ಹೆದರುವವರು, ವಾರಗಟ್ಟಲೆ ನಿಲ್ಲಿಸುವಾಗ ಮಾತ್ರ ಸಮತಟ್ಟು ಜಾಗದಲ್ಲಿ ‘ಪಿ’ ಹಾಕಿ ಕಲ್ಲು ಕೊಟ್ಟರೆ ಆಯಿತು.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಬೇರೆಯವರ ಕಾರಿಗೆ ಅಡ್ಡ ನಿಲ್ಲಿಸಿ, ತಳ್ಳಲಿ ಎಂದು ನ್ಯೂಟ್ರಲ್‌ನಲ್ಲಿ ಬಿಡುವ ರೂಢಿಗೆ ಆಟೋಮ್ಯಾಟಿಕ್ ಒಗ್ಗುವುದಿಲ್ಲ. ಎಷ್ಟೋ ಕಾರುಗಳಲ್ಲಿ ‘ಪಿ’ಗೆ ಹಾಕದೆ ಕೀ ಹೊರಬರದು. ಬ್ಯಾಟರಿ ಸತ್ತಾಗ ಅಥವಾ ಬ್ರೇಕ್ ಸ್ವಿಚ್ ಕೆಟ್ಟಾಗ ಲಿವರ್ ‘ಪಿ’ಯಲ್ಲೇ ಸಿಕ್ಕಿಕೊಂಡರೆ, ಕೆಲವು ಕಾರುಗಳಲ್ಲಿ ಲಿವರ್ ಪಕ್ಕದ ಪುಟ್ಟ ಮುಚ್ಚಳದ ಕೆಳಗೆ ಶಿಫ್ಟ್ ಲಾಕ್ (ಲಿವರನ್ನು ‘ಪಿ’ಯಲ್ಲಿ ಹಿಡಿದಿಡುವ ಬೀಗ) ಬಿಡಿಸುವ ಗುಂಡಿ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಪೆಡಲ್ ಒತ್ತಿ, ಕೀ ಅಥವಾ ಸ್ಕ್ರೂಡ್ರೈವರ್‌ನಿಂದ ಅದನ್ನು ಅದುಮಿ ಲಿವರ್ ಸರಿಸಬಹುದು. ಆಗ ಹಿಂದಿನ ಬ್ರೇಕ್ ದೀಪ ಉರಿಯುತ್ತದೆಯೇ ಯಾರಿಂದಾದರೂ ನೋಡಿಸಿ; ಬ್ಯಾಟರಿ ಸರಿಯಿದ್ದೂ ಉರಿಯದಿದ್ದರೆ ಫ್ಯೂಸ್ ಇಲ್ಲವೇ ಬ್ರೇಕ್ ಸ್ವಿಚ್ ಹೋಗಿರಬಹುದು, ರಿಪೇರಿಯಾಗದೆ ರಸ್ತೆಗಿಳಿಸಬೇಡಿ.