ಓದಿದರೆ ಸರಿ, ಓಡಿಸಿದರೆ ತಪ್ಪು

ಮಂಗಳೂರಿನ ಕೊಟ್ಟಾರದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಕೈಪಿಡಿ ಬರೆಯುವುದು ನನ್ನ ಉದ್ಯೋಗ. ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹೋಗುವುದು ಹಳೆಯ ಕೈಪಿಡಿಯ ಕಮಾಂಡ್‌ಗಳನ್ನು, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆದೇಶಗಳನ್ನು, ತಿದ್ದುವುದಕ್ಕೆ. ನಾವು ಕಷ್ಟಪಟ್ಟು ಬರೆದ ವಿವರಣೆಯನ್ನು ಯಾರೂ ಓದುವುದಿಲ್ಲ. ನೇರ ಕಮಾಂಡ್ ಇರುವ ಬೂದು ಚೌಕಕ್ಕೆ ಬಂದು, ಕಾಪಿ ಮಾಡಿ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ) ಪೇಸ್ಟ್ ಮಾಡುತ್ತಾರೆ.

ಕರಡು ತಿದ್ದಿ ಪಳಗಿದ ಕಣ್ಣು ಇಲ್ಲಿ ಮೋಸ ಹೋಗುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, “ಸರ್, ಇದ್ದದ್ದನ್ನು ಇದ್ದ ಹಾಗೆಯೇ ಹಾಕಿದ್ದೇನೆ, ಅಂಥ ಫೈಲೇ ಇಲ್ಲ ಎನ್ನುತ್ತಿದೆ” ಎಂದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಫೈಲ್ ಕಣ್ಣೆದುರೇ ಇತ್ತು, ಕಾಗುಣಿತವೂ ಸರಿಯಿತ್ತು. ಅಕ್ಷರವನ್ನು ದೊಡ್ಡದು ಮಾಡಿದಾಗ ಗುಟ್ಟು ಬಯಲಾಯಿತು: ಹೆಸರಿನ ಸುತ್ತ ನೆಟ್ಟಗೆ ನಿಲ್ಲಬೇಕಿದ್ದ ಉದ್ಧರಣ ಚಿಹ್ನೆ ಬಾಗಿತ್ತು. ಯಾರೋ ಕರಡನ್ನು ವರ್ಡ್‌ನಲ್ಲಿ ಟೈಪ್ ಮಾಡಿದ್ದರು. ಅಂದ ಹೆಚ್ಚಿಸುವ ಉಪಕಾರವನ್ನು ಅದು ಕೇಳದೆಯೇ ಮಾಡಿಕೊಟ್ಟಿತ್ತು. ಟರ್ಮಿನಲ್‌ನಲ್ಲಿ ಕಮಾಂಡನ್ನು ಓದಿ ಓಡಿಸುವ ಶೆಲ್ ಬಾಗಿದ ಚಿಹ್ನೆಯನ್ನು ಉದ್ಧರಣವೆಂದು ಒಪ್ಪುವುದಿಲ್ಲ, ಹೆಸರಿನದೇ ಒಂದು ಅಕ್ಷರವೆಂದು ತಿಳಿಯುತ್ತದೆ. ಅದೇ ಸಾಲಿನಲ್ಲಿ ಎರಡು ಕಿರುಗೆರೆಗಳು (--) ಬೆಸೆದುಕೊಂಡು ಒಂದೇ ಉದ್ದಗೆರೆ (–) ಆಗಿದ್ದವು.

ಅಂದಿನಿಂದ ನಮ್ಮಲ್ಲಿ ತಿದ್ದುವುದು ಎಂದರೆ ಓಡಿಸಿ ನೋಡುವುದು. ಅದೂ ಮೂಲ ಕಡತದಿಂದಲ್ಲ, ಓದುಗರಿಗೆ ಕಾಣುವ ಪುಟದಿಂದಲೇ ಕಾಪಿ ಮಾಡಿ, ಏನೂ ಇನ್‌ಸ್ಟಾಲ್ ಆಗಿರದ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ). ಬರೆದವರ ಯಂತ್ರದಲ್ಲಿ ಎಲ್ಲವೂ ಓಡುತ್ತದೆ, ಅದನ್ನು ನಂಬಬಾರದು. ಸಾಲು ಮುರಿಯಲು ಹಾಕಿದ \ ಚಿಹ್ನೆಯ ನಂತರ ಒಂದು ಖಾಲಿ ಜಾಗ ಉಳಿದರೂ ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಇಲ್ಲಿ ತರಬೇತಿಗೆ ಬರುವ ಹೆಚ್ಚಿನವರದು ವಿಂಡೋಸ್. ಅದರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಾಲು ಮುರಿಯಲು ಆ ಚಿಹ್ನೆಯ ಬದಲು ^ ಬೇಕು, ಒಂಟಿ ಉದ್ಧರಣ ಚಿಹ್ನೆಗೆ ಬೆಲೆಯೇ ಇಲ್ಲ. ಲಿನಕ್ಸ್‌ನಲ್ಲಿ ಫೈಲನ್ನು ಇದ್ದಲ್ಲೇ ತಿದ್ದುವ ಸೆಡ್ (sed) ಎಂಬ ಕಮಾಂಡ್‌ನ ಸಾಲು ಮ್ಯಾಕ್‌ನಲ್ಲಿ ತಕರಾರು ತೆಗೆಯುತ್ತದೆ.

ಇನ್ನು ವಯಸ್ಸಾದ ಸಾಲುಗಳು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ ಪೈಥಾನ್ 2ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು, ಅದರ ಕಮಾಂಡ್‌ಗಳು ಹಳೆಯ ಪುಟಗಳಲ್ಲಿ ಈಗಲೂ ಹಾಯಾಗಿವೆ.

ತಂಡದಲ್ಲಿ ಇತ್ಯರ್ಥವಾಗದ ಜಗಳವೊಂದಿದೆ: ಟರ್ಮಿನಲ್ ತಾನೇ ತೋರಿಸುವ $ ಚಿಹ್ನೆಯನ್ನು ಕೈಪಿಡಿಯಲ್ಲೂ ಕಮಾಂಡ್‌ನ ಮುಂದೆ ಹಾಕಬೇಕೇ? ಕಮಾಂಡ್ ಯಾವುದು, ಉತ್ತರ ಯಾವುದು ಎಂದು ತಿಳಿಯಲು ಬೇಕು ಎನ್ನುವುದು ಹಿರಿಯರ ವಾದ. ಉತ್ತರವನ್ನು ಬೇರೆ ಚೌಕದಲ್ಲಿ ಹಾಕಿ, $ ತೆಗೆದುಬಿಡಿ ಎನ್ನುವುದು ನನ್ನದು. ಕಾಪಿ ಮಾಡುವವರು ಅದನ್ನೂ ಸೇರಿಸಿಯೇ ಕಾಪಿ ಮಾಡುತ್ತಾರೆ.